ಪಟದೊಳಗಿನ ಕೊಡ

ನೀವು ನಮ್ಮ ಮನೆಗೆ ಬಂದರೆ, ನೀರಿನ ಕೊಡ ಇಡುವ ಕಟ್ಟೆಯ ಮೇಲುಗಡೆ, ಬೇರೆಯವರು ದೇವರ ಪಟ ಹಾಕುವಷ್ಟೇ ಅಕ್ಕರೆಯಿಂದ ಗಾಜು ಕೂರಿಸಿ ತೂಗುಹಾಕಿದ ಪತ್ರಿಕೆಯ ತುಣುಕೊಂದನ್ನು ಕಾಣುತ್ತೀರಿ. ಪತ್ರಿಕೆಯ ಮೇಲೆ ಇಷ್ಟೊಂದು ನಂಬಿಕೆಯೇ ಎಂದು ಬಂದವರು ಕೆಣಕುತ್ತಾರೆ. ಅದು ಅಪ್ಪಟ ಸುಳ್ಳು ಸುದ್ದಿ ಎಂದು ನಾನು ಹೇಳಿದರೆ ಅವರ ಕೈಯಲ್ಲಿನ ಚಹಾ ಬಾಯಿಗೆ ಹೋಗುವುದನ್ನೇ ಮರೆಯುತ್ತದೆ.

ಪಟದಲ್ಲಿ ಕಾಲ ಬಳಿ ಕೊಡ ಇಟ್ಟುಕೊಂಡು, ಬಾವಿಯ ಹಗ್ಗ ಹಿಡಿದು ನಿಂತವಳು ನನ್ನ ಸಣ್ಣವ್ವ ತುಕ್ಕಮ್ಮ. ಪಕ್ಕದಲ್ಲಿ ಕೈಮುಗಿದು ನಗುತ್ತಿರುವವರು ಊರ ಪಟೇಲರು. ತೆಲುಗು ಸೀಮೆಯ ಗಡಿಯಲ್ಲಿ, ರಾಯಿಕೋಡಿನ ಆಚೆಗಿರುವ ನಮ್ಮ ಕನ್ನಡದ ಹಳ್ಳಿಯಲ್ಲಿ ಆಗ ಊರ ನಡುವಿನ ಬಾವಿ ನಮ್ಮ ಕೇರಿಯವರಿಗಲ್ಲ. ಹಳ್ಳದ ವರತೆ ಬಗೆದು ಬಂದಷ್ಟು ನೀರು ನಮ್ಮದು. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಬಂದಾಗ, ಜೊತೆಗಿದ್ದ ಪತ್ರಿಕೆಯವರು ಸಣ್ಣವ್ವನ ಕೈಗೆ ಬಾವಿಯ ಹಗ್ಗ ಕೊಡಿಸಿ ಫೋಟೋ ತೆಗೆದರು. ಅಧಿಕಾರಿಯ ಜೀಪು ಊರು ದಾಟುವ ಮೊದಲೇ ಊರವರು ಹಗ್ಗ ಕಸಿದುಕೊಂಡರು. ಅವಳು ಖಾಲಿ ಕೊಡ ಹೊತ್ತು ಮನೆಗೆ ಬಂದಳು.

ಜಹೀರಾಬಾದಿನಲ್ಲಿ ಮಾಸ್ತರನಾಗಿದ್ದ ನನಗೆ ಇದಾವುದೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ಈಗ ಎಲ್ಲರಿಗೂ ಒಂದೇ ಬಾವಿ ಎಂಬ ತೆಲುಗು ಸುದ್ದಿ ಓದಿ ಹಿಗ್ಗಿಹೋದೆ. ಸಂಜೆಯ ಬಸ್ಸಿಗೇ ಊರಿಗೆ ಹೋಗಿ ಸಣ್ಣವ್ವನ ಮುಂದೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಹಗ್ಗ ಹಿಡದಿದ್ದು ಖರೆ ತಮ್ಮಾ, ಕೊಡ ತುಂಬಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಲು ಪತ್ರಿಕೆಯವರು ಕಷ್ಟವನ್ನೇನೂ ಪಟ್ಟಿರಲಿಲ್ಲ ನೋಡಿ. ಕಂಡದ್ದನ್ನು ಕಂಡಂತೆ ತೆಗೆದು, ಮುಂದೇನಾಯಿತೆಂದು ನೋಡದೆ ಹೊರಟುಹೋಗಿದ್ದರು, ಅಷ್ಟೇ. ಒಲೆಗೆ ಹಾಕಹೋದ ನನ್ನ ಕೈಯಿಂದ ಸಣ್ಣವ್ವ ಪತ್ರಿಕೆ ಕಿತ್ತುಕೊಂಡಳು. ಮರುದಿನ ಬೆಳಿಗ್ಗೆ ಕಂಕುಳಲ್ಲಿ ಕೊಡ, ಕೈಯಲ್ಲಿ ಪತ್ರಿಕೆ ಹಿಡಿದು ಬಾವಿಗೆ ನಡೆದಳು. ಕೇರಿಯ ಹೆಂಗಸರೆಲ್ಲ ಹಿಂದೆಯೇ ಹೊರಟರು. ಅಡ್ಡ ಬಂದು ನಿಂತ ಪಟೇಲರು, ತಮ್ಮ ಫೋಟೋ ಅಚ್ಚಾದ ಸಂಭ್ರಮಕ್ಕೆ ಹಿಂದಿನ ದಿನವಷ್ಟೇ ಊರಿಗೆಲ್ಲ ಚಹಾ ಕುಡಿಸಿದ್ದರು.

ಸಣ್ಣವ್ವ ಪತ್ರಿಕೆಯನ್ನು ಅವರ ಮುಂದೆ ಹಿಡಿದಳು. "ಪಟೇಲ್ರೇ, ಇದು ಖರೆ ಇದ್ರ ಜರಾ ಸರೀರಿ. ಸುಳ್ಳಿದ್ರ, ಸುಳ್ಳಂತ ಎಲ್ಲಾರ ಮುಂದ ಹೇಳ್ರಿ."

ಪಟೇಲರು ಪತ್ರಿಕೆಯನ್ನು ನೋಡಿದರು, ಸುತ್ತ ನೆರೆದಿದ್ದ ಚಹಾ ಕುಡಿದವರನ್ನು ನೋಡಿದರು, ಆಮೇಲೆ ಸರಿದು ನಿಂತರು. ಹಗ್ಗ ಇಳಿಯಿತು, ಕೊಡ ತುಂಬಿತು. ಗೊಣಗುವವರು ವರ್ಷಗಟ್ಟಲೆ ಗೊಣಗಿದರು. ನಮ್ಮ ಹೆಂಗಸರು ಒಂದು ದಿನವೂ ತಪ್ಪಿಸದೆ ಬಾವಿಗೆ ಹೋದರು.

ಹಾಗಾದರೆ ಪತ್ರಿಕೆಯನ್ನು ನಂಬಬಹುದೇ ಎಂದು ನೀವು ಕೇಳುತ್ತೀರಿ. ಕಣ್ಣುಮುಚ್ಚಿ ನಂಬಲಾರೆ. ಹಾಗೆಂದು ಎಲ್ಲವೂ ಸುಳ್ಳೆಂದು ಕೈಚೆಲ್ಲಿ ಕೂರುವವನೂ ನಾನಲ್ಲ. ಹಾಗೆ ಕೂತರೆ ಬಾವಿಗೆ ಅಡ್ಡ ನಿಂತವರಿಗೇ ಅನುಕೂಲ. ಉರ್ದು, ತೆಲುಗು, ಬಸ್ಸಿನಲ್ಲಿ ತಡವಾಗಿ ಬರುವ ಕನ್ನಡ, ಎಲ್ಲವನ್ನೂ ಓದುತ್ತೇನೆ, ಪ್ರತಿ ಸುದ್ದಿಗೂ ಸಣ್ಣವ್ವನ ಮಾತನ್ನೇ ಹಚ್ಚಿ ನೋಡುತ್ತೇನೆ: ಹಗ್ಗ ಹಿಡಿದದ್ದು ಸರಿ, ಕೊಡ ತುಂಬಿತೇ? ಉತ್ತರ ಸಿಗದಿದ್ದರೆ ಆ ಊರಿನವರನ್ನು ಹುಡುಕಿ ಕೇಳುತ್ತೇನೆ. ಸುದ್ದಿ ಹತ್ತಿರದ ಕೊಹೀರಿನದೋ ಮನೂರಿನದೋ ಆದರೆ ನಾನೇ ಬಸ್ಸು ಹತ್ತುತ್ತೇನೆ. ಮನೆಯವರು ಇದಕ್ಕೆ ಹುಚ್ಚು ಎನ್ನುತ್ತಾರೆ. ಅನ್ನಲಿ, ಬಿಡುವವನಲ್ಲ.

ಸಣ್ಣವ್ವ ಈಗಿಲ್ಲ. ಕಾಗದ ಹಳದಿಗಟ್ಟಿದೆ, ಪಟೇಲರ ನಗು ಮಾಸಿದೆ, ಪಟದೊಳಗಿನ ಕೊಡ ಇಂದಿಗೂ ಖಾಲಿಯೇ. ಕೆಳಗೆ ಕಟ್ಟೆಯ ಮೇಲಿರುವುದೂ ಅದೇ ಕೊಡ. ಅದನ್ನು ನಾನು ಬೆಳಿಗ್ಗೆ ಎದ್ದವನೇ ತುಂಬಿಸಿಡುತ್ತೇನೆ.