ಮುಖದ ನೆಮ್ಮದಿಗೆ ನಾಲ್ಕು ಮಾರ್ಕ್ಸ್

ಡ್ರಾಯಿಂಗ್ ಮೇಷ್ಟ್ರಿಗೆ ಆ ಶಾಲೆಯಲ್ಲಿ ಇಪ್ಪತ್ತೊಂದು ವರ್ಷದ ಸರ್ವಿಸ್. ಅದರಲ್ಲಿ ಕಡಿಮೆಯೆಂದರೂ ಹದಿನೈದು ವರ್ಷದ ಪೀರಿಯಡ್ಡುಗಳನ್ನು ಗಣಿತದ ಮೇಷ್ಟ್ರು ನುಂಗಿ ನೀರು ಕುಡಿದಿದ್ದರು. ಪಾಠ ಮುಗಿದಿಲ್ಲವೆಂದರೆ ಡ್ರಾಯಿಂಗ್ ಪೀರಿಯಡ್ಡು, ರಿವಿಜನ್ ಆಗಬೇಕೆಂದರೆ ಡ್ರಾಯಿಂಗ್ ಪೀರಿಯಡ್ಡು. ಕೇಳುವ ಸೌಜನ್ಯವೂ ಇರಲಿಲ್ಲ. ಗಣಿತದವರು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಇವರು ಕ್ರೇಯಾನ್ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೊರಡಬೇಕು. ಮಿಕ್ಕ ಹೊತ್ತಿನಲ್ಲಿ ಶಾಲೆ ಇವರ ಕಲೆಯಿಂದ ಪಡೆದ ಸೇವೆಯೆಂದರೆ ಬೋರ್ಡಿನ ಮೇಲೆ ‘ಸುಸ್ವಾಗತ’ ಬರೆಸುವುದು, ಕಕ್ಕಸಿನ ಬಾಗಿಲಿಗೆ ಗಂಡು ಹೆಣ್ಣಿನ ಚಿತ್ರ ಬಿಡಿಸುವುದು, ಮತ್ತೆ ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವಿನ ಮಕ್ಕಳನ್ನು ಕಾಯುವುದಕ್ಕೆ ಕೂರಿಸುವುದು.

ಈ ಹೊಟ್ಟೆನೋವಿನ ಮಕ್ಕಳನ್ನು ಅವರ ಸ್ಟೋರ್ ರೂಮಿನಲ್ಲೇ ಕೂರಿಸುತ್ತಿದ್ದರು. ಪರೀಕ್ಷೆಯ ದಿನ ಎಂಟು ಗಂಟೆಗೇ ಹತ್ತು ಹನ್ನೆರಡು ಮಕ್ಕಳು ಮುರಿದ ಬೆಂಚುಗಳ ನಡುವೆ ಮುದುಡಿಕೊಂಡು ಬಿಕ್ಕುತ್ತಿದ್ದವು. ಒಂದಕ್ಕೆ ತಲೆಸುತ್ತು, ಇನ್ನೊಂದಕ್ಕೆ ವಾಂತಿ. ಕಾಯಿಲೆ ಏನೆಂದು ಇಡೀ ಶಾಲೆಗೆ ಗೊತ್ತಿತ್ತು. ಮದ್ದು ಮಾತ್ರ ಬಿಸಿನೀರು ಮತ್ತು ಬೈಗುಳ.

ಒಂದು ಸಲ ಅಳುವಿನ ಗಲಾಟೆ ತಡೆಯಲಾರದೆ ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಿಚ್ಚಿ, ಒಬ್ಬೊಬ್ಬರಿಗೂ ಒಂದೊಂದು ಹಾಳೆ, ಒಂದೊಂದು ಮೋಟು ಕ್ರೇಯಾನ್ ಕೊಟ್ಟರು. “ಹಿಂದ್ಗಡೆ ಖಾಲಿ ಇದೆ, ಗೀಚಿ. ಚಿತ್ರಗಿತ್ರ ಏನೂ ಬೇಡ. ತುಂಬೋ ತನಕ ಗೀಚಿ, ಆಮೇಲೆ ಹರಿದು ಬುಟ್ಟಿಗೆ ಹಾಕಿ” ಎಂದರು. ಯಾವ ಪುಸ್ತಕ ಓದಿ ಮಾಡಿದ್ದೂ ಅಲ್ಲ, ಬಾಯಿ ಮುಚ್ಚಿಸಬೇಕಿತ್ತು, ಅಷ್ಟೇ. ಹತ್ತು ನಿಮಿಷದಲ್ಲಿ ರೂಮು ತಣ್ಣಗಾಯಿತು. ಪ್ರಶ್ನೆಪತ್ರಿಕೆಯನ್ನು ಪರಪರ ಹರಿಯುವಾಗಲಂತೂ ಮಕ್ಕಳ ಮುಖ ನೋಡಬೇಕಿತ್ತು!

ಆ ಗುಂಪಿನಲ್ಲಿ ಗುಬ್ಬಿಯೂ ಇದ್ದಳು. ಟೈಲರಮ್ಮನ ಮಗಳು, ಆರನೇ ಕ್ಲಾಸು, ಮೂಳೆಚಕ್ಕಳ. ಮನೆಯಲ್ಲಿ ಅಮ್ಮ ಹೊಲಿಗೆ ಮಷಿನ್ ತುಳಿಯುತ್ತಲೇ ಕೇಳಿದ ಪ್ರಶ್ನೆಗೆಲ್ಲ ಪಟಪಟನೆ ಉತ್ತರ ಹೇಳುವ ಹುಡುಗಿ, ಪರೀಕ್ಷೆಯ ಹಾಲಿನಲ್ಲಿ ಹೆಸರು ಬರೆದು ಕಲ್ಲಾಗುತ್ತಿದ್ದಳು. ಮೂರು ಪರೀಕ್ಷೆಗೆ ಖಾಲಿ ಹಾಳೆ ಕೊಟ್ಟಿದ್ದಳು. ಗೀಚಿ ಹೋದ ದಿನ ಎಲ್ಲ ಪ್ರಶ್ನೆಗೂ ಬರೆದಳು. ಮೇಷ್ಟ್ರಿಗೆ ತಮ್ಮ ಇಪ್ಪತ್ತೊಂದು ವರ್ಷ ದಂಡವಾಗಲಿಲ್ಲ ಎನ್ನಿಸಿದ್ದು ಅವತ್ತೇ.

ಅಷ್ಟಕ್ಕೇ ಬಿಟ್ಟಿದ್ದರೆ ಅದನ್ನು ಶಾಲೆ ಅನ್ನುತ್ತಾರೆಯೇ? ಮುಂದಿನ ಪರೀಕ್ಷೆಗಳಲ್ಲೂ ಮೇಷ್ಟ್ರು ಹೀಗೇ ಗೀಚಿಸಿದ್ದರಿಂದ ಅಪ್ಪ ಅಮ್ಮಂದಿರನ್ನು ಫೋನ್ ಮಾಡಿ ಕರೆಸುವುದು ಕಡಿಮೆಯಾದದ್ದು ಹೆಡ್‌ಮಿಸ್ ಕಣ್ಣಿಗೆ ಬಿತ್ತು. ಆಕೆಗೆ ಒಳ್ಳೆಯದೇನನ್ನು ಕಂಡರೂ ಅದಕ್ಕೊಂದು ಬ್ಯಾನರ್ ಕಟ್ಟುವ ಚಟ. ವಾರದೊಳಗೆ ಗೇಟಿನ ಮೇಲೆ ‘ಬಣ್ಣದಿಂದ ಧೈರ್ಯ’ ಎಂಬ ಬ್ಯಾನರ್ ಏರಿತು. ವಾರಕ್ಕೆ ಎರಡು ಪೀರಿಯಡ್ಡು ಮಂಜೂರಾಯಿತು, ಅದೂ ಗಣಿತದಿಂದ ಕಿತ್ತು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಹೊಟ್ಟೆ ಉರಿದುಕೊಂಡು ಟೀ ಹೀರುತ್ತಿದ್ದರೆ ನಮ್ಮ ಮೇಷ್ಟ್ರು ಬಲೂನಿನ ಹಾಗೆ ಉಬ್ಬಿದರು. ಹೊಸ ಶರಟು ಕೂಡ ಹೊಲಿಸಿಕೊಂಡರು.

ಪೀರಿಯಡ್ಡು ಅಂದ ಮೇಲೆ ಮಾರ್ಕ್ಸ್ ಬೇಡವೇ? ಹೆಡ್‌ಮಿಸ್ ಒಂದು ತಖ್ತೆ ಅಚ್ಚು ಹಾಕಿಸಿದರು. ಗೀಟಿನ ಹಿಡಿತಕ್ಕೆ ಮೂರು, ಬಣ್ಣದ ಆಯ್ಕೆಗೆ ಮೂರು, ಮುಖದ ನೆಮ್ಮದಿಗೆ ನಾಲ್ಕು. ಹರಿಯುವಂತಿಲ್ಲ, ರೋಲ್ ನಂಬರ್ ಬರೆದು ಫೈಲಿಗೆ ಸೇರಿಸಬೇಕು. ಈ ಘನಂದಾರಿ ತಖ್ತೆಯನ್ನು ಮೇಷ್ಟ್ರು ಮನೆಗೆ ತಂದು ಹೆಂಡತಿಗೆ ತೋರಿಸಿದರು.

“ಗೀಚೋದಕ್ಕೆ ಮಾರ್ಕ್ಸ್ ಯಾಕ್ರೀ?” ಎಂದಳು ಆಕೆ.

“ಮಾರ್ಕ್ಸ್ ಇಲ್ದಿದ್ರೆ ಯಾರೂ ಕ್ಯಾರೇ ಅನ್ನಲ್ಲ ಕಣೆ. ಇಷ್ಟು ವರ್ಷ ನನ್ನ ಪಾಡು ನೋಡ್ಲಿಲ್ವಾ?”

“ನಿಮ್ಮ ಪಾಡಿಗೂ ಆ ಮಕ್ಕಳ ಹೊಟ್ಟೆನೋವಿಗೂ ಏನ್ರೀ ಸಂಬಂಧ?”

ಮೇಷ್ಟ್ರು ಕೇಳಿಸದವರಂತೆ ತಖ್ತೆಗೆ ಸಹಿ ಹಾಕಿದರು. ಇಲ್ಲಿ ಅವರನ್ನು ವಹಿಸಿಕೊಂಡು ಮಾತಾಡುವುದು ನನ್ನಿಂದಾಗದು, ತಪ್ಪು ಅವರದೇ. ಮಕ್ಕಳಿಗೆ ಸಿಕ್ಕಿದ್ದ ಒಂದೇ ಒಂದು ಲೆಕ್ಕಕ್ಕಿಲ್ಲದ ಕೆಲಸವನ್ನು ಅವರು ತಮ್ಮ ಮರ್ಯಾದೆಗಾಗಿ ಮಾರಿಕೊಂಡರು.

ಅಪ್ಪ ಅಮ್ಮಂದಿರ ಬುದ್ಧಿವಂತಿಕೆಗೆ ಇನ್ನೇನು ಬೇಕಿತ್ತು? ತಿಂಗಳೊಳಗೆ ಪಕ್ಕದ ಬೀದಿಯಲ್ಲಿ ಗೀಚುವುದಕ್ಕೇ ಟ್ಯೂಷನ್ ಶುರುವಾಯಿತು. ಬ್ಯಾಂಕಿನವರ ಮಗಳು ಮನೆಯಲ್ಲೇ ಪೆನ್ಸಿಲಿನಲ್ಲಿ ರಫ್ ಗೀಚಿಕೊಂಡು ಬಂದು ಕ್ಲಾಸಿನಲ್ಲಿ ಅದರ ಮೇಲೆಯೇ ಕ್ರೇಯಾನ್ ತಿದ್ದುತ್ತಿದ್ದಳು. ಡಾಕ್ಟರ ಮಗ ಎದ್ದು ನಿಂತು, “ಸರ್, ಗೀಚೋದಕ್ಕೆ ಮಾರ್ಜಿನ್ ಬಿಡ್ಬೇಕಾ?” ಎಂದು ಕೇಳಿದ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ಇನ್ನು ಮುಖದ ನೆಮ್ಮದಿಗೆ ಕನ್ನಡಿಯ ಮುಂದೆ ಪ್ರಾಕ್ಟೀಸು ನಡೆದಿತ್ತು. ನಲವತ್ತು ಮಕ್ಕಳು ಏಕಕಾಲಕ್ಕೆ ಹಲ್ಲು ಬಿಟ್ಟುಕೊಂಡು ಗೀಚುವ ದೃಶ್ಯ ಕಂಡು ಹೆಡ್‌ಮಿಸ್ ಫೋಟೋ ತೆಗೆಸಿದರು.

ಗುಬ್ಬಿಗೆ ಬಂದದ್ದು ಹತ್ತಕ್ಕೆ ನಾಲ್ಕು. ಗೀಚುವಾಗ ಅವಳ ಹುಬ್ಬು ಗಂಟಿಕ್ಕುತ್ತಿತ್ತು, ನಾಲಿಗೆ ಹೊರಗೆ ಬರುತ್ತಿತ್ತು. ಮುಖದ ನೆಮ್ಮದಿಗೆ ಮೇಷ್ಟ್ರು ತಖ್ತೆಯ ಪ್ರಕಾರ ಸೊನ್ನೆ ಹಾಕಿದ್ದರು.

ಮುಂದಿನ ಗೀಚುವ ಪರೀಕ್ಷೆಯ ಬೆಳಿಗ್ಗೆ ಅವರು ಸ್ಟೋರ್ ರೂಮಿನ ಬಾಗಿಲು ತೆಗೆದರೆ ಗುಬ್ಬಿ ಮೂಲೆಯಲ್ಲಿ ಕೂತಿದ್ದಳು. ಫ್ರಾಕಿನ ಮುಂದೆ ವಾಂತಿಯ ಕಲೆ. ಎರಡೂ ಕೈಯ ಬೆರಳಿನಿಂದ ಬಾಯಿಯ ಕೊನೆಗಳನ್ನು ಮೇಲಕ್ಕೆ ಎಳೆದು ಹಿಡಿದಿದ್ದಳು.

“ಏನಮ್ಮಾ ಇದು?”

“ಮುಖ ಸರಿಯಾಗಿ ಬರ್ತಿಲ್ಲ ಸರ್” ಎಂದಳು.

ಮೇಷ್ಟ್ರು ಅವಳ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು. ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಅಲ್ಲಿಂದ ನೇರ ಹೆಡ್‌ಮಿಸ್ ರೂಮಿಗೆ ಹೋಗಿ, “ಮೇಡಂ, ಈ ಮಾರ್ಕ್ಸು ತೆಗೆದುಬಿಡಿ” ಎಂದರು.

“ಮಾರ್ಕ್ಸ್ ತೆಗೆದ್ರೆ ಪೇರೆಂಟ್ಸ್‌ಗೆ ಏನು ತೋರಿಸ್ಲಿ ಮೇಷ್ಟ್ರೇ? ಒಳ್ಳೇ ಕಥೆ! ಕಾರ್ಯಕ್ರಮವೇ ಬೇಡ ಅಂದ್ರೆ ಅದರಿಂದ ಏನೂ ಪ್ರಯೋಜನ ಇಲ್ಲ ಅಂತ ಮೀಟಿಂಗಲ್ಲಿ ನೀವೇ ಒಪ್ಪಿಕೊಳ್ಳಿ. ತಪ್ಪು ನನ್ನ ಮೇಲೆ ಬರ್ಬಾರದು. ಪೀರಿಯಡ್ಡೂ ಗಣಿತಕ್ಕೆ ವಾಪಸ್ ಹೋಗುತ್ತೆ, ಯೋಚನೆ ಮಾಡಿ.”

ಅವರು ಯೋಚನೆ ಮಾಡಲಿಲ್ಲ. ಆ ಶನಿವಾರ ಮುನ್ನೂರು ಜನರೆದುರು ಮೈಕು ಹಿಡಿದು, ಗೀಚುವುದರಿಂದ ಯಾವ ಮಗುವಿಗೂ ಧೈರ್ಯ ಬರಲಿಲ್ಲ, ಅದೆಲ್ಲ ನನ್ನ ಭ್ರಮೆ, ಕ್ಷಮಿಸಿ ಎಂದು ಹಸಿ ಹಸಿ ಸುಳ್ಳು ಹೇಳಿದರು. ಅಪ್ಪ ಅಮ್ಮಂದಿರು ಚೆನ್ನಾಗಿ ಮಂಗಳಾರತಿ ಎತ್ತಿದರು. ನಮ್ಮ ಮಕ್ಕಳ ಒಂದು ವರ್ಷ ಹಾಳು ಮಾಡಿದಿರಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಗೀಚುವ ಟ್ಯೂಷನ್ನಿಗೆ ಮಕ್ಕಳನ್ನು ಕಳಿಸಿದ್ದವರೇ. ಹಿಂದಿನ ಸಾಲಿನಲ್ಲಿ ಗುಬ್ಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಅವಳ ಅಮ್ಮ ಏನೋ ಹೇಳಲು ಎದ್ದರು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಸೋಮವಾರ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಿದರು, ಇವರು ಡಬ್ಬಿ ಎತ್ತಿಕೊಂಡರು.

ಮುಂದಿನ ಪರೀಕ್ಷೆಯ ಬೆಳಿಗ್ಗೆ ಸ್ಟೋರ್ ರೂಮಿಗೆ ಏಳು ಮಕ್ಕಳು ಬಂದರು. ಮೇಷ್ಟ್ರು ಹಾಳೆ ಹಂಚಿದರು. ಗುಬ್ಬಿ ಹಾಳೆಯನ್ನು ಮುಟ್ಟಲಿಲ್ಲ.

“ಇದನ್ನ ಯಾರು ನೋಡ್ತಾರೆ ಸರ್?”

“ಯಾರೂ ನೋಡಲ್ಲ.”

“ಮುಖಾನ?”

“ಅದನ್ನೂ ನೋಡಲ್ಲ. ನಾನು ಗೋಡೆ ಕಡೆ ತಿರುಗಿ ಕೂತ್ಕೋತೀನಿ.”

ಹಾಗೇ ಕೂತರು. ಆಮೇಲೆ ಒಂದು ಕ್ರೇಯಾನ್ ಕಾಗದದ ಮೇಲೆ ಉಜ್ಜತೊಡಗಿತು, ಅದರ ಹಿಂದೆಯೇ ಉಳಿದವೂ. ಕೊನೆಗೆ ಕಾಗದ ಹರಿಯುವ ಸದ್ದು.

ಗುಬ್ಬಿ ಬಂದು ಪಕ್ಕದಲ್ಲಿ ನಿಂತಳು. “ಸರ್, ಮೀಟಿಂಗಲ್ಲಿ ನಿಮ್ಮ ಕೈ ನಡುಗ್ತಿತ್ತು.”

“ಹೌದಮ್ಮಾ. ತುಂಬ ಭಯ ಆಗಿತ್ತು.”

ಅವಳು ಅವರ ತೊಡೆಯ ಮೇಲೆ ಒಂದು ಹಾಳೆ ಇಟ್ಟು ಕೈಗೆ ಕ್ರೇಯಾನ್ ಕೊಟ್ಟಳು. “ನೀವೂ ಗೀಚಿ ಸರ್. ನಾವ್ಯಾರೂ ನೋಡಲ್ಲ” ಎಂದಳು. ಏಳು ಮಕ್ಕಳೂ ಗೋಡೆಯ ಕಡೆ ತಿರುಗಿ ನಿಂತವು.