ವರದಿಯಲ್ಲಿಲ್ಲದ ಒಂಬತ್ತು ಮಂದಿ

ಹೊರರೋಗಿ ವಿಭಾಗದ ಹಿರಿಯ ನರ್ಸ್‌ಗೆ ತನ್ನ ಓರಗಿತ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. ಇಬ್ಬರೂ ಒಂದೇ ಮನೆಯ ಸೊಸೆಯಂದಿರು, ಒಂದೇ ಆಸ್ಪತ್ರೆಯ ನರ್ಸ್‌ಗಳು. ಹತ್ತೊಂಬತ್ತು ವರ್ಷ ದುಡಿದ ಹಿರಿಯಳಿಗೆ ಕೆಳಮಹಡಿಯ ಕಿಟಕಿಯಿಲ್ಲದ ಕೋಣೆ. ಸೇರಿ ನಾಲ್ಕೇ ವರ್ಷವಾದ ಕಿರಿಯಳಿಗೆ ಮೂರನೇ ಮಹಡಿಯ ತಣ್ಣನೆಯ ಕೋಣೆ, ತಿರುಗುವ ಕುರ್ಚಿ. ಔಷಧ ಕಂಪನಿಯೊಂದು ತನ್ನ ಹೊಸ ಮಂಡಿನೋವಿನ ಮಾತ್ರೆಯನ್ನು ಅಲ್ಲಿ ರೋಗಿಗಳ ಮೇಲೆ ಪರೀಕ್ಷಿಸುತ್ತಿತ್ತು, ಖರ್ಚೆಲ್ಲ ಕಂಪನಿಯದೇ. ರೋಗಿಗಳ ದಾಖಲೆ ನೋಡಿಕೊಳ್ಳಲು ಪರೀಕ್ಷೆಯ ಮುಖ್ಯಸ್ಥರಾಗಿದ್ದ ಡಾಕ್ಟರು ಕಿರಿಯಳನ್ನೇ ಆರಿಸಿದ್ದರು.

"ನಮ್ಮ ಚಿಕ್ಕವಳು ಸಮ್ಮೇಳನಕ್ಕೆ ವಿಮಾನದಲ್ಲಿ ಹೋಗ್ತಾಳಂತೆ" ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುವಾಗ ಹಿರಿಯಳು ಒಳಗೆ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ಜೋಡಿಸುತ್ತಿದ್ದಳು.

ಪರೀಕ್ಷೆಯ ವರದಿ ಅಚ್ಚಾಗಿ ಬಂತು. ಎಲ್ಲಾದರೂ ಓರಗಿತ್ತಿಯ ತಪ್ಪು ಸಿಕ್ಕೀತೆಂದು ಹಿರಿಯಳು ಅದನ್ನು ಮೂರು ಸಲ ಓದಿದಳು. ಮೂರನೇ ಸಲ ಒಂದು ಸಾಲು ಕಣ್ಣಿಗೆ ಚುಚ್ಚಿತು: ಮಾತ್ರೆಯಿಂದ ಯಾರಿಗೂ ಗಂಭೀರ ತೊಂದರೆಯಾಗಿಲ್ಲ. ಆದರೆ ಅದೇ ಮಾತ್ರೆ ನುಂಗಿ, ಹೊಟ್ಟೆ ಹಿಡಿದುಕೊಂಡು ಬಂದವರನ್ನು ಅವಳೇ ತನ್ನ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟಿದ್ದಳು. ರಿಜಿಸ್ಟರ್ ತೆಗೆದು ನೋಡಿದಳು. ಒಂಬತ್ತು ಮಂದಿ, ಅದರಲ್ಲಿ ಇಬ್ಬರಿಗೆ ರಕ್ತವಾಂತಿ. ಎಲ್ಲರೂ ನಡುವೆಯೇ ಮಾತ್ರೆ ಬಿಟ್ಟಿದ್ದರು. ಹಾಗೆ ಬಿಟ್ಟವರನ್ನು ವರದಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅವಳಿಗೆ ಆದದ್ದು ಗಾಬರಿಯಲ್ಲ, ಖುಷಿ. ಆ ಖುಷಿಗೆ ತಾನೇ ನಾಚಿದಳು. ಆದರೂ ರಿಜಿಸ್ಟರ್ ಹಿಡಿದು ಡಾಕ್ಟರ ಕೋಣೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಡಾಕ್ಟರು ನಕ್ಕರು. "ಹೊಟ್ಟೆ ಉರಿ ರೋಗಿಗಳಿಗೋ ಸಿಸ್ಟರ್, ನಿಮಗೋ?"

"ನನಗೂ ಇದೆ ಡಾಕ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ನನ್ನ ಹೊಟ್ಟೆ ಉರಿಗೆ ಅವರು ರಕ್ತ ಕಾರ್ಲಿಲ್ಲ."

"ಕಂಪನಿ ದುಡ್ಡು ಹಾಕ್ದೆ ಇದ್ರೆ ಈ ಪರೀಕ್ಷೆನೇ ಇರ್ತಿರ್ಲಿಲ್ಲ, ತಿಳ್ಕೊಳ್ಳಿ."

ಡಾಕ್ಟರು ಅದೇ ಕಂಪನಿಯ ಸಲಹೆಗಾರರೂ ಆಗಿದ್ದರು. ವರದಿಯಲ್ಲಿ ಆ ಮಾತೂ ಇರಲಿಲ್ಲ. ಹಿರಿಯಳು ಎರಡನ್ನೂ ಬರೆದು, ಇಂಥ ಪರೀಕ್ಷೆಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೈತಿಕ ಸಮಿತಿಗೆ ಕೊಟ್ಟಳು.

ಸಮಿತಿ ಓರಗಿತ್ತಿಯರಿಬ್ಬರನ್ನೂ ಕರೆಸಿತು. ಓರಗಿತ್ತಿ ತಡವರಿಸುವುದನ್ನು ಕಣ್ಣಾರೆ ನೋಡಬೇಕೆಂದೇ ಹಿರಿಯಳು ಎದುರು ಕುರ್ಚಿಯಲ್ಲಿ ಕೂತಳು. ಕಿರಿಯಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಒಂಬತ್ತು ಹೆಸರೂ ಇದ್ದವು, ತಾರೀಖಿನ ಸಮೇತ.

"ನಾನು ಬರ್ದು ಕೊಟ್ಟಿದ್ದೆ. ಡಾಕ್ಟ್ರು ತೆಗೆದುಹಾಕಿಸಿದ್ರು. ಕೆಲಸ ಹೋಗತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಅಕ್ಕ ಬರೀದೆ ಇದ್ದಿದ್ರೆ ಇವತ್ತೂ ಸುಮ್ನೆ ಇರ್ತಿದ್ದೆ."

ಅಧ್ಯಕ್ಷರು ಎದ್ದು ಬಂದು ಅವಳ ಕೈ ಕುಲುಕಿದರು. "ಇಂಥ ಧೈರ್ಯ ಅಪರೂಪ ಕಣಮ್ಮ." ಹಿರಿಯಳ ಕಡೆ ತಿರುಗಿ, "ನೀವಿನ್ನು ಹೊರಡಬಹುದು" ಎಂದರು. ಅವಳ ಮೈಯೆಲ್ಲ ಧಗಧಗ ಎಂದಿತು.

ವರದಿಯನ್ನು ಹಿಂತೆಗೆದುಕೊಳ್ಳಲಾಯಿತು, ಡಾಕ್ಟರನ್ನು ಪರೀಕ್ಷೆಗಳಿಂದ ದೂರವಿಟ್ಟರು. ಒಂಬತ್ತು ಮಂದಿಗೂ ಫೋನ್ ಮಾಡಿ ತಪಾಸಣೆಗೆ ಕರೆಯಬೇಕಾಗಿ ಬಂತು. "ಅರ್ಧ ನಂಗೆ ಕೊಡಿ ಅಕ್ಕ, ನಾನು ಮಾಡ್ತೀನಿ" ಎಂದಳು ಕಿರಿಯಳು. ಹಿರಿಯಳು ಒಂದು ನಂಬರನ್ನೂ ಕೊಡಲಿಲ್ಲ. ಎಲ್ಲರಿಗೂ ತಾನೇ ಮಾಡಿದಳು.