ಉಣ್ಣೆ ಡಾಕ್ಟ್ರು

ಸುಮಿತ್ರಾ ಡಾಕ್ಟರು ಕೊಟ್ಟಿಗೆಗೆ ಬಂದರೆ ಮೊದಲು ಹಸುವಿನ ಕಿವಿ ಮಡಚಿ ನೋಡುತ್ತಿದ್ದರು. ಒಳಗೆ ಕಚ್ಚಿಕೊಂಡ ಉಣ್ಣೆಯನ್ನು ಬರಿಗೈಯಲ್ಲೇ ಕಿತ್ತು ಅಂಗೈ ಮೇಲಿಟ್ಟುಕೊಳ್ಳುತ್ತಿದ್ದರು. ರಕ್ತ ಕುಡಿದು ಹರಳುಬೀಜದಂತೆ ಊದಿದ ಆ ಹುಳ ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಅವರು ಮಾತ್ರ, "ಇದು ಬಸುರಿ. ಕೆಳಗೆ ಬಿದ್ರೆ ಸಾವಿರಾರು ಮೊಟ್ಟೆ" ಎಂದು ಸೀಮೆಎಣ್ಣೆ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತಿದ್ದರು.

ಮಾದಿಹಳ್ಳಿಯ ಸುತ್ತಲ ಊರುಗಳ ದನಗಳೆಲ್ಲ ಅವರೊಬ್ಬರ ತಲೆಯ ಮೇಲಿದ್ದವು. ಹಾಗಾಗಿ ಅರ್ಧ ಮಾತಾಡಿ ಸ್ಕೂಟರ್ ಹತ್ತಿಬಿಡುವುದು ಅಭ್ಯಾಸವಾಗಿತ್ತು. ಮಿಕ್ಕಿದ್ದನ್ನು ನಾವೇ ಊಹಿಸಿಕೊಳ್ಳಬೇಕು. "ಕೈ ಒಳ್ಳೇದೈತೆ, ಬಾಯಿಗೇ ಪುರುಸೊತ್ತಿಲ್ಲ" ಎಂದು ನಮ್ಮತ್ತೆ ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಅತ್ತೆ ಕೈಯಾರೆ ಸಾಕಿದ ಗಬ್ಬದ ಕಡಸಿಗೆ ಉಣ್ಣೆ ವಿಪರೀತವಾಯಿತು. ಡಾಕ್ಟರು ಹೊಸ ಔಷಧಿಯೊಂದನ್ನು ಅದರ ಬೆನ್ನುದ್ದಕ್ಕೂ ಹುಯ್ದು, "ಇನ್ನು ಉಣ್ಣೆ ವಂಶ ಉಳಿಯಲ್ಲ" ಎಂದು ಹೊರಟರು. ವಾರ ಕಳೆದರೂ ಉಣ್ಣೆಗಳು ಇದ್ದ ಹಾಗೇ ಇದ್ದವು. ಔಷಧಿ ಬರೀ ನೀರಿರಬೇಕೆಂದು ಅತ್ತೆಗೆ ಅನುಮಾನ ಬಂತು. ನಾನು ಶಾಲೆಗೆ ಪಾಠ ಮಾಡಲು ಹೋಗಿದ್ದಾಗ, ಬದನೆ ಗಿಡಕ್ಕೆ ಹೊಡೆಯುವ ವಿಷವನ್ನು ನೀರಿಗೆ ಕಲಸಿ ಕಡಸಿನ ಮೈಗೆಲ್ಲ ಸವರಿದರು.

ನಾನು ಬರುವಷ್ಟರಲ್ಲಿ ಕಡಸು ಜೊಲ್ಲು ಸುರಿಸುತ್ತ ಅಡ್ಡಬಿದ್ದಿತ್ತು. ಫೋನು ಮಾಡಿದ ತಕ್ಷಣ ಡಾಕ್ಟರು ಬಂದರು. ಮೈ ತೊಳೆಸಿದರು, ಸೂಜಿ ಮೇಲೆ ಸೂಜಿ ಚುಚ್ಚಿದರು. ಸಂಜೆಗೆ ಅದು ಉಸಿರು ಬಿಟ್ಟಿತು. ಅಂದು ಅವರು ಸ್ಕೂಟರಿನ ಕಡೆ ಹೋಗಲಿಲ್ಲ, ಸಗಣಿ ನೆಲದಲ್ಲೇ ಕೂತರು.

"ನಾನೇ ಕೊಂದೆ ಕಣವ್ವ" ಎಂದರು ಅತ್ತೆ, ತಲೆಯೆತ್ತದೆ.

"ನಾನು ಪೂರ್ತಿ ಹೇಳಿದ್ದಿದ್ರೆ ನೀವು ಸವರ್ತಿರಲಿಲ್ಲ. ಆ ಔಷಧಿ ದೊಡ್ಡ ಉಣ್ಣೆನ ಕೊಲ್ಲಲ್ಲಮ್ಮ. ಅದಿಟ್ಟ ಮೊಟ್ಟೆ ಮರಿಯಾಗಲ್ಲ, ಮರಿ ಪೊರೆ ಬಿಟ್ಟು ಬೆಳೆಯಲ್ಲ. ನಿಧಾನಕ್ಕೆ ಕಮ್ಮಿ ಆಗ್ತಾ ಬರುತ್ತೆ. ಇಷ್ಟು ಹೇಳೋಕೆ ನಂಗೆ ಬಾಯಿರಲಿಲ್ಲ."

ಮರುದಿನ ಬೆಳಿಗ್ಗೆ ಅವರು ಹಾಲಿನ ಡೈರಿಯ ಮುಂದೆ ನಿಂತು, ಹಾಲು ಹಾಕಲು ಬಂದ ಪ್ರತಿಯೊಬ್ಬರಿಗೂ ಅದನ್ನೇ ಬಿಡಿಸಿ ಹೇಳಿದರು. ತಮ್ಮಿಂದ ಒಂದು ಕಡಸು ಸತ್ತಿತೆಂದೂ ಹೇಳಿದರು. ನಮ್ಮ ಮನೆಯ ಹೆಸರೆತ್ತಲಿಲ್ಲ, ಆದರೂ ಎಲ್ಲರ ಕಣ್ಣು ನನ್ನ ಕ್ಯಾನಿನ ಮೇಲಿತ್ತು. ಇನ್ನು ನಮ್ಮ ದನ ಮುಟ್ಟಬೇಡಿ ಎಂದು ಒಬ್ಬರು ಮುಖಕ್ಕೇ ಅಂದರು. ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು.

ಅಲ್ಲಿಂದ ಮುಂದೆ ಅವರ ಸ್ಕೂಟರ್ ಸದ್ದು ಕೇಳಿದರೆ ಅತ್ತೆ ಹಿತ್ತಿಲಿಗೆ ಹೋಗಿಬಿಡುವರು. ಡಾಕ್ಟರೂ ನಮ್ಮ ಬಾಗಿಲ ಮುಂದೆ ಕತ್ತು ತಿರುಗಿಸದೆ ದಾಟುವರು. ಮಳೆಗಾಲ ಮುಗಿಯುವ ಹೊತ್ತಿಗೆ, ಔಷಧಿ ಹಾಕಿಸಿದ್ದವರ ಕೊಟ್ಟಿಗೆಗಳಲ್ಲಿ ಉಣ್ಣೆ ಅಪರೂಪವಾದವು. ಅದನ್ನು ಡಾಕ್ಟರಿಗೆ ಹೇಳುವ ಮುಖ ಯಾರಿಗೂ ಇರಲಿಲ್ಲ.

ಆಮೇಲೆ ಅವರಿಗೆ ಗಂಡಸಿ ಊರಿನ ಕಡೆಗೆ ವರ್ಗವಾಯಿತು. ಹೇಳಿಹೋಗಲು ಬಂದರು. ಅಡುಗೆಮನೆ ಸೇರಿದ ಅತ್ತೆ, ಇಲ್ಲ ಅನ್ನು ಎಂದು ನನಗೆ ಕೈಸನ್ನೆ ಮಾಡಿದರು. ಹಳೇಬೀಡಿಗೆ ಹೋಗಿದ್ದಾರೆ ಅಂದೆ. ಹೊಸಿಲ ಪಕ್ಕದಲ್ಲಿದ್ದ ಅತ್ತೆಯ ಚಪ್ಪಲಿಯನ್ನು ಡಾಕ್ಟರು ನೋಡಿದರು. ನಾನೂ ನೋಡಿದೆ.

"ಬಂದ್ಮೇಲೆ ಹೇಳಿ, ಹೋಗಿಬರ್ತೀನಿ ಅಂದ್ರು ಅಂತ" ಎಂದರು. ಪೂರ್ತಿಯಾಗಿ, ನಿಧಾನವಾಗಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ.

ಸ್ಕೂಟರ್ ಸದ್ದು ಅಡಗಿದ ಮೇಲೆ ಅತ್ತೆ ಹೊರಬಂದರು. ನನ್ನ ಮುಖ ನೋಡದೆ, "ಒಂದ್ ಲೋಟ ಕಾಪಿನಾದ್ರೂ ಕೊಡ್ಬೇಕಿತ್ತು ಕಣೇ" ಎಂದರು.